ಅವ್ವನ ಗಂಗಾಳ ಬೇರೆ ಇಡ್ಬೇಡಿ: ವೈರಸ್ ಚಿಕಿತ್ಸೆ, ಸಕ್ಕರೆ, ಕಷಾಯದ ಬಗ್ಗೆ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ, ನಮ್ದು ಹಾವೇರಿ ಜಿಲ್ಲಾ. ನಮ್ಮ ಅವ್ವಗ 54 ವರ್ಷ, ಎದಿ ಕ್ಯಾನ್ಸರ್ ಆಗಿ ಆಪರೇಷನ್ ಮಾಡ್ಯಾರ, ಮೂರು ಕೀಮೋ ಮುಗದಾವ. ಮನ್ಯಾಗ ಎಲ್ಲಾರೂ ಕೂಡಿ ಸಕ್ಕರಿ, ಅನ್ನ, ಹಾಲು ಬಂದ್ ಮಾಡ್ಯಾರ, ಲಕ್ಷ್ಮಣ ಫಲದ ಎಲಿ ಕಷಾಯ ಕುಡಸಾಕತ್ತಾರ, ಎರಡು ತಿಂಗಳದಾಗ 6 ಕೆಜಿ ಇಳದಾಳ. ಒಬ್ಬಾಕಿ ವಿಜ್ಞಾನಿ ತನ್ನ ಎದಿ ಕ್ಯಾನ್ಸರ್‌ಗೆ ತಾನ ವೈರಸ್ ಇಂಜೆಕ್ಷನ್ ಕೊಟ್ಕೊಂಡು ಆರಾಮಾದಳು ಅಂತ ವಾಟ್ಸಾಪ್‌ನಾಗ ಬಂದೈತಿ, ಖರೇನ? ಅದು ನಮ್ಮ ಕಡೆ ಎಲ್ಲಿ ಸಿಗ್ತೈತಿ? ಇನ್ನೊಂದು, ಕ್ಯಾನ್ಸರ್ ವೈರಸ್‌ನಿಂದ ಬರ್ತೈತಿ ಅಂತ ಕೇಳಿ ನಮ್ಮ ದೊಡ್ಡಮ್ಮ ಅವ್ವನ ಗಂಗಾಳ, ಚರಗಿ ಬ್ಯಾರೆ ಇಟ್ಟಾರ, ನನ್ನ 12 ವರ್ಷದ ಮಗಳನ್ನ ಆಕಿ ಹತ್ರ ಮಲಗಾಕ ಬಿಡವಲ್ರು. ಅಪ್ಪ ನೋಡಿದ್ರ ಗುಟ್ಕಾ ಬಿಡವಲ್ಲ. ಏನ್ ಮಾಡ್ಲಿ?

ಉತ್ತರ: ನೋಡಿ ತಂಗಿ, ನೀವು ಕೊನೆಗೆ ಕೇಳಿದ್ದನ್ನ ನಾನು ಮೊದಲು ತಗೋತೀನಿ, ಯಾಕಂದ್ರೆ ವೈರಸ್ ಇಂಜೆಕ್ಷನ್ ವಿಷಯ ನಾಳೆ ಮಾತಾಡಿದ್ರೂ ನಡೆಯುತ್ತೆ ಆದ್ರೆ ಗಂಗಾಳದ ವಿಷಯ ಇವತ್ತೇ ಸರಿ ಹೋಗ್ಬೇಕು. ಎದೆ ಕ್ಯಾನ್ಸರ್ ಅಂಟಲ್ಲ. ಎಂಜಲಿಂದ ಅಂಟಲ್ಲ, ಉಸಿರಿಂದ ಅಂಟಲ್ಲ, ಒಂದೇ ಹಾಸಿಗೇಲಿ ಮಲಗಿದ್ರೆ, ಒಂದೇ ಟವೆಲ್ ಬಳಸಿದ್ರೆ, ಮೊಮ್ಮಗಳನ್ನ ತಬ್ಬಿ ಮುತ್ತು ಕೊಟ್ರೆ ಅಂಟಲ್ಲ. ದೊಡ್ಡಮ್ಮನಿಗೆ ಈ ಭಯ ಎಲ್ಲಿಂದ ಬಂತು ಅಂತ ನಂಗೆ ಅರ್ಥ ಆಗುತ್ತೆ, ಅವ್ರು ಕೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಕೆಲವು ಕ್ಯಾನ್ಸರ್‌ಗಳ ಹಿಂದೆ ವೈರಸ್ ಇರೋದು ನಿಜ, ಗರ್ಭಕೋಶದ ಬಾಯಿಯ ಕ್ಯಾನ್ಸರ್ ಹಿಂದೆ ಎಚ್‌ಪಿವಿ ಅನ್ನೋ ವೈರಸ್ ಇದೆ ಅಂತ ತೋರಿಸಿದ್ದಕ್ಕೆ ಜರ್ಮನಿಯ ಹೆರಾಲ್ಡ್ ಸುರ್ ಹೌಸೆನ್ ಅವ್ರಿಗೆ 2008ರಲ್ಲಿ ನೊಬೆಲ್ ಬಂತು, ಲಿವರ್ ಕ್ಯಾನ್ಸರ್ ಎಷ್ಟೋ ಸಲ ಹೆಪಟೈಟಿಸ್ ಬಿ ಅಥವಾ ಸಿ ಸೋಂಕಿಂದ ಶುರುವಾಗುತ್ತೆ. ಆದ್ರೆ ಅಲ್ಲೂ ಒಬ್ರಿಂದ ಒಬ್ರಿಗೆ ದಾಟೋದು ವೈರಸ್ಸೇ ಹೊರತು ಗಡ್ಡೆ ಅಲ್ಲ, ಅದೂ ತಟ್ಟೆ ಲೋಟದಿಂದ ದಾಟಲ್ಲ, ಎಚ್‌ಪಿವಿ ದಾಟೋದು ಲೈಂಗಿಕ ಸಂಪರ್ಕದಿಂದ, ಹೆಪಟೈಟಿಸ್ ಬಿ ರಕ್ತದಿಂದ, ಸಂಭೋಗದಿಂದ, ಹೆರಿಗೆ ಟೈಮಲ್ಲಿ ತಾಯಿಯಿಂದ ಮಗೂಗೆ. ನಿಮ್ಮ ಅವ್ವನಿಗೆ ಬಂದಿರೋ ಎದೆ ಕ್ಯಾನ್ಸರ್ ಈ ಗುಂಪಿಗೆ ಸೇರಿದ್ದೇ ಅಲ್ಲ.

ಒಂದೇ ಒಂದು ಎಚ್ಚರ ಇದೆ, ಅದೂ ಔಷಧಿದು. ಕೀಮೋ ಕೊಟ್ಟ ಮೇಲೆ ಎರಡು ದಿನ ಅವರ ವಾಂತಿ, ಮೂತ್ರದಲ್ಲಿ ಔಷಧಿ ಅಂಶ ಇರುತ್ತೆ, ಅದನ್ನ ತೊಳೆಯೋರು ಗ್ಲೌಸ್ ಹಾಕ್ಕೊಂಡು ತೊಳೀಲಿ, ಮನೇಲಿ ಗರ್ಭಿಣಿ ಇದ್ರೆ ಅವ್ರು ಆ ಕೆಲಸ ಮಾಡೋದು ಬೇಡ. ಅಷ್ಟೇ. ಸೋಂಕಿನ ಭಯ ಇರ್ಬೇಕಾದ್ದು ಉಲ್ಟಾ ಕಡೆಯಿಂದ, ಕೀಮೋದಲ್ಲಿ ಬಿಳಿ ರಕ್ತಕಣ ಇಳಿದಿರುತ್ತಲ್ಲ, ಹಾಗಾಗಿ ಮಗಳಿಗೆ ನೆಗಡಿ ಜ್ವರ ಇದ್ರೆ ಆ ನಾಲ್ಕು ದಿನ ಅಜ್ಜಿಯಿಂದ ದೂರ ಇರ್ಲಿ, ಬಾಕಿ ದಿನ ಪಕ್ಕದಲ್ಲೇ ಮಲಗ್ಲಿ. ಕೀಮೋ ನಡೀತಿರೋ ತಾಯಿಗೆ ಮನೇಲಿ ತಟ್ಟೆ ಬೇರೆ ಆದ್ರೆ ಎಷ್ಟು ನೋವಾಗುತ್ತೆ ಅಂತ ನಾನು ಕಣ್ಣಾರೆ ನೋಡಿದೀನಿ, ಎಷ್ಟೋ ಜನ ಆಮೇಲೆ ಊಟಾನೇ ಬೇಡ ಅಂತಾರೆ, ಹಸಿವಿಲ್ಲ ಅಂತ ಮನೆಯವ್ರು ಅನ್ಕೊಂಡಿರ್ತಾರೆ.

ಈಗ ಆ ವಿಜ್ಞಾನಿ ಕಥೆ. ಖರೇನೇ. ಕ್ರೊಯೇಷಿಯಾ ದೇಶದ ಝಾಗ್ರೆಬ್ ಯೂನಿವರ್ಸಿಟಿಯ ಬೆಯಾಟಾ ಹಲಾಸಿ ಅಂತ, ವೃತ್ತಿಯಲ್ಲೇ ವೈರಸ್ ತಜ್ಞೆ. ಎದೆ ಕ್ಯಾನ್ಸರ್‌ಗೆ ಮೊದಲೇ ಆಪರೇಷನ್ ಆಗಿತ್ತು, 2020ರಲ್ಲಿ ಅದೇ ಜಾಗದಲ್ಲಿ ಮತ್ತೆ ಬಂತು, ಇನ್ನೊಂದು ರೌಂಡ್ ಕೀಮೋ ಬೇಡ ಅಂತ ತೀರ್ಮಾನಿಸಿ ತಮ್ಮ ಲ್ಯಾಬಲ್ಲಿ ಬೆಳೆಸಿದ ಎರಡು ವೈರಸ್ (ಒಂದು ದಡಾರದ ಲಸಿಕೆಯಲ್ಲಿ ಬಳಸೋ ದುರ್ಬಲ ತಳಿ, ಇನ್ನೊಂದು ಮುಖ್ಯವಾಗಿ ದನ ಕುದುರೆಗಳಿಗೆ ಬರೋ ಬಾಯಿಹುಣ್ಣಿನ ವೈರಸ್) ಸುಮಾರು ಎರಡು ತಿಂಗಳ ಕಾಲ ಗಡ್ಡೆಯೊಳಕ್ಕೇ ಚುಚ್ಚಿಸ್ಕೊಂಡ್ರು. ಗಡ್ಡೆ ಚಿಕ್ಕದಾಯ್ತು, ಮೆತ್ತಗಾಯ್ತು, ಚರ್ಮಕ್ಕೂ ಸ್ನಾಯುಗೂ ಅಂಟ್ಕೊಂಡಿದ್ದು ಬಿಟ್ಕೊಂಡ್ತು. 2024ರಲ್ಲಿ ಇದು ವೈದ್ಯಕೀಯ ಪತ್ರಿಕೇಲಿ ಪ್ರಕಟ ಆದಾಗ ಸುಮಾರು ನಾಲ್ಕು ವರ್ಷದಿಂದ ಅವ್ರಿಗೆ ಕ್ಯಾನ್ಸರ್ ಮರುಕಳಿಸಿರ್ಲಿಲ್ಲ. ವಾಟ್ಸಾಪಲ್ಲಿ ಬರೋದು ಇಲ್ಲಿವರೆಗೆ. ಮುಂದಿನ ಅರ್ಧ ಏನಂದ್ರೆ ವೈರಸ್ಸಿಂದ ಗಡ್ಡೆ ಪೂರ್ತಿ ಕರಗಲಿಲ್ಲ, ಉಳಿದದ್ದನ್ನ ಸರ್ಜನ್ ಆಪರೇಷನ್ ಮಾಡಿ ತೆಗೆದ್ರು, ಆಮೇಲೆ ಒಂದು ವರ್ಷ ಟ್ರಾಸ್ಟುಜುಮ್ಯಾಬ್ ಅನ್ನೋ ಔಷಧಿ ತಗೊಂಡ್ರು. ಈ ಪ್ರಯೋಗ ನಡೆಯುವಷ್ಟು ದಿನ ಅವರ ಕ್ಯಾನ್ಸರ್ ಡಾಕ್ಟರ್‌ಗಳು ಕಣ್ಣಿಟ್ಟಿದ್ರು, ಹೆಚ್ಚುಕಮ್ಮಿ ಆದ್ರೆ ಕೂಡ್ಲೇ ಮಾಮೂಲಿ ಚಿಕಿತ್ಸೆಗೆ ಬರೋಕೆ ರೆಡಿ ಇದ್ರು. ಎಲ್ಲಕ್ಕಿಂತ ಮುಖ್ಯವಾಗಿ, ಬೇರೆಯವ್ರು ಇದನ್ನ ಮೊದಲ ದಾರಿ ಅಂತ ಹಿಡೀಬಾರ್ದು ಅಂತ ಆ ವಿಜ್ಞಾನಿನೇ ಹೇಳಿದಾರೆ. ಮತ್ತೆ ಆ ಟ್ರಾಸ್ಟುಜುಮ್ಯಾಬ್‌ಗೆ ನೀವು ಕ್ರೊಯೇಷಿಯಾಕ್ಕೆ ಹೋಗ್ಬೇಕಿಲ್ಲ, ಬೆಂಗಳೂರಿನ ಬಯೋಕಾನ್ 2014ರಲ್ಲೇ ಅದರ ಬಯೋಸಿಮಿಲರ್ ಅಂದ್ರೆ ಮೂಲ ಔಷಧಿಯಷ್ಟೇ ಕೆಲಸ ಮಾಡೋ ಇನ್ನೊಂದು ರೂಪಾನ ನಮ್ಮ ದೇಶದಲ್ಲಿ ಮಾರಾಟಕ್ಕೆ ತಂತು. ಅದು ಅವ್ವನಿಗೆ ಬೇಕಾ ಬೇಡ್ವಾ ಅನ್ನೋದನ್ನ ಕೊನೇಲಿ ಹೇಳ್ತೀನಿ.

ವೈರಸ್ ಕೈಯಿಂದ ಕ್ಯಾನ್ಸರ್ ಹೊಡೆಸೋ ಆಲೋಚನೆ ಹುಚ್ಚು ಆಲೋಚನೆ ಅಲ್ಲ, ಹಳೇದು ಕೂಡ. 1971ರಲ್ಲಿ ಉಗಾಂಡಾದಿಂದ ಒಂದು ವರದಿ ಬಂತು, ಲಿಂಫೋಮಾ ಅನ್ನೋ ಒಂದು ಥರದ ಕ್ಯಾನ್ಸರಿಂದ ಕಣ್ಣಿನ ಹತ್ರ ಊದ್ಕೊಂಡಿದ್ದ ಒಬ್ಬ ಹುಡುಗನಿಗೆ ದಡಾರ ಬಂತು, ದಡಾರ ಹೋಗೋಷ್ಟರಲ್ಲಿ ಆ ಊತಾನೂ ಇಳಿದುಹೋಯ್ತು. ಕ್ಯಾನ್ಸರ್ ಕಣಕ್ಕೆ ಒಂದು ದೌರ್ಬಲ್ಯ ಇದೆ, ಅದು ಬೆಳೆಯೋ ಭರದಲ್ಲಿ ವೈರಸ್ ಬಂದ್ರೆ ಕೂಗಿ ಹೇಳೋ ಅಲಾರಂನ ಬಹಳ ಸಲ ಕಳ್ಕೊಂಡಿರುತ್ತೆ, ಹಾಗಾಗಿ ಆರೋಗ್ಯವಾದ ಕಣದಲ್ಲಿ ಬದುಕೋಕಾಗದ ದುರ್ಬಲ ವೈರಸ್ ಕೂಡ ಕ್ಯಾನ್ಸರ್ ಕಣದಲ್ಲಿ ಹೊಕ್ಕು ಮರಿ ಹಾಕಿ ಅದನ್ನ ಒಡೆದು ಹೊರಗೆ ಬರುತ್ತೆ. ಒಡೆದಾಗ ಒಳಗಿನ ಸರಕೆಲ್ಲ ಚೆಲ್ಲುತ್ತಲ್ಲ, ಅದನ್ನ ನೋಡಿ ನಮ್ಮ ದೇಹದ ರೋಗನಿರೋಧಕ ಕಣಗಳು ಓಡಿ ಬರ್ತವೆ, ಇಷ್ಟು ದಿನ ಕಣ್ಣಿಗೆ ಬೀಳದೆ ಅವಿತ್ಕೊಂಡಿದ್ದ ಗಡ್ಡೆ ಆಗ ಅವುಗಳ ಕಣ್ಣಿಗೆ ಬೀಳುತ್ತೆ. ನಿಜವಾದ ಕೆಲಸ ಬಹಳಷ್ಟು ಈ ಎರಡನೇ ಹಂತದಲ್ಲೇ ಆಗೋದು. 2015ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಟಿ-ವೆಕ್ ಅನ್ನೋದು ಇದೇ ಥರದ್ದು. ಜ್ವರ ಬಂದು ಹೋದ್ಮೇಲೆ ತುಟಿ ಅಂಚಲ್ಲಿ ಏಳುತ್ತಲ್ಲ ನೀರ್ಗುಳ್ಳೆ, ಆ ಹರ್ಪಿಸ್ ವೈರಸ್ಸನ್ನೇ ತಗೊಂಡು ಅದರ ಎರಡು ಜೀನ್ ತೆಗೆದು, ರೋಗನಿರೋಧಕ ಕಣಗಳನ್ನ ಕರೆಯೋ ಒಂದು ಜೀನ್ ಸೇರಿಸಿ, ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರ್ ಗಂಟಿಗೆ ಸೂಜಿಯಿಂದ ಚುಚ್ತಾರೆ. 436 ರೋಗಿಗಳ ಮೇಲೆ ನಡೆದ ಪರೀಕ್ಷೇಲಿ 100ಕ್ಕೆ ಸುಮಾರು 16 ಜನಕ್ಕೆ ಗಡ್ಡೆ ಕುಗ್ಗಿ ಆರು ತಿಂಗಳಾದ್ರೂ ಹಾಗೇ ಉಳೀತು, ಹೋಲಿಕೆಗೆ ಅಂತ ಬೇರೆ ಔಷಧಿ ಕೊಟ್ಟ ಗುಂಪಲ್ಲಿ ಅದು 2 ಜನಕ್ಕೆ. ಒಳ್ಳೇ ಸುದ್ದಿನೇ, ಆದ್ರೆ 100ಕ್ಕೆ 16. ಜಪಾನಲ್ಲಿ 2021ರಲ್ಲಿ ಇನ್ನೊಂದು ಹರ್ಪಿಸ್ ವೈರಸ್‌ಗೆ ಮೆದುಳಿನ ಗಡ್ಡೆಗೆ ಷರತ್ತಿನ ಮೇಲೆ ಒಪ್ಪಿಗೆ ಕೊಟ್ರು, ಚೀನಾದಲ್ಲಿ 2005ರಿಂದ ಅಡೆನೋವೈರಸ್ (ನೆಗಡಿ ಥರದ ಕಾಯಿಲೆ ತರೋ ವೈರಸ್) ಬಳಸಿ ಮಾಡಿದ ಇಂಥದ್ದೇ ಒಂದು ಔಷಧಿ ಇದೆ.

ಎದೆ ಕ್ಯಾನ್ಸರ್‌ಗೆ ಇಂಥ ವೈರಸ್ಸು ಇನ್ನೂ ಪರೀಕ್ಷೆ ಹಂತದಲ್ಲೇ ಇದೆ. ಯಾರಾದ್ರೂ ಇಷ್ಟು ಲಕ್ಷ ಕೊಡಿ ನಾವು ಕೊಡ್ತೀವಿ ಅಂದ್ರೆ ದಯವಿಟ್ಟು ಎದ್ದು ಬನ್ನಿ. ನಿಜವಾದ ಪರೀಕ್ಷೆಗೆ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯ ನಂಬರ್ ಇರುತ್ತೆ, ಪರೀಕ್ಷೆಯಲ್ಲಿರೋ ಔಷಧಿಗೆ ರೋಗಿ ಹತ್ರ ದುಡ್ಡು ತಗೊಳ್ಳೋ ಹಾಗಿಲ್ಲ. ಇನ್ನೊಂದು ಮಾತು, ಇದನ್ನ ದಪ್ಪ ಅಕ್ಷರದಲ್ಲಿ ಬರೀಬೇಕು ಅನ್ಸುತ್ತೆ: ದಡಾರದ ಲಸಿಕೆಯಿಂದ ಗಡ್ಡೆ ಕರಗಿತಂತೆ ಅಂತ ಯಾರೂ ಕೀಮೋದಲ್ಲಿರೋರಿಗೆ ಮೆಡಿಕಲ್ ಸ್ಟೋರಿಂದ ಆ ಲಸಿಕೆ ತಂದು ಹಾಕಿಸ್ಬೇಡಿ. ಅದು ಜೀವಂತ ವೈರಸ್, ರೋಗನಿರೋಧಕ ಶಕ್ತಿ ಕುಸಿದಿರೋ ದೇಹದಲ್ಲಿ ಅದೇ ಪ್ರಾಣಕ್ಕೆ ಕುತ್ತು ತರಬಹುದು.

ಈಗ ಊಟ, ನಿಮ್ಮ ಪತ್ರದಲ್ಲಿ ನಂಗೆ ಅತಿ ಹೆಚ್ಚು ಚಿಂತೆ ತಂದಿರೋದು ಆ 6 ಕೆಜಿ. ಸಕ್ಕರೆ ಕ್ಯಾನ್ಸರ್‌ನ ಆಹಾರ ಅನ್ನೋ ಮಾತು ಎಲ್ಲಿಂದ ಬಂತು ಅಂದ್ರೆ, 1920ರ ದಶಕದಲ್ಲಿ ಜರ್ಮನಿಯ ಓಟೋ ವಾರ್ಬರ್ಗ್ ಕ್ಯಾನ್ಸರ್ ಕಣಗಳು ಗ್ಲೂಕೋಸನ್ನ ಗಬಗಬ ತಿಂತವೆ ಅಂತ ಕಂಡುಹಿಡಿದ್ರು, ಪೆಟ್ ಸ್ಕ್ಯಾನ್ ಕೆಲಸ ಮಾಡೋದು ಕೂಡ ಅದೇ ತತ್ವದ ಮೇಲೆ, ಗ್ಲೂಕೋಸ್ ಥರದ್ದೊಂದು ಪದಾರ್ಥಕ್ಕೆ ವಿಕಿರಣದ ಗುರುತು ಹಚ್ಚಿ ಬಿಟ್ರೆ ಗಡ್ಡೆ ಇರೋ ಕಡೆ ಹೊಳೆಯುತ್ತೆ. ನಿಜ. ಆದ್ರೆ ಮೆದುಳೂ ಹೊಳೆಯುತ್ತೆ, ಅದಕ್ಕೂ ಗ್ಲೂಕೋಸೇ ಬೇಕು. ನೀವು ಅನ್ನ ನಿಲ್ಲಿಸಿದ ತಕ್ಷಣ ರಕ್ತದಲ್ಲಿ ಗ್ಲೂಕೋಸ್ ಸೊನ್ನೆ ಆಗಲ್ಲ, ಲಿವರ್ ಕೂತ್ಕೊಂಡು ಅವ್ವನ ತೋಳು ತೊಡೆಯ ಮಾಂಸಖಂಡ ಕರಗಿಸಿ ಗ್ಲೂಕೋಸ್ ಮಾಡುತ್ತೆ, ಗಡ್ಡೆ ಕಣ ಇದ್ರೆ ಅದಕ್ಕೂ ಅದು ಸಿಗುತ್ತೆ. ಕರಗಿದ್ದು ಅವ್ವ, ಅಷ್ಟೇ. ಕಾರ್ಬೋಹೈಡ್ರೇಟ್ ಪೂರ್ತಿ ಬಿಡಿಸೋ ಕೀಟೋ ಡಯಟ್ ಮೇಲೆ ಗಂಭೀರ ಸಂಶೋಧನೆ ನಡೀತಿದೆ, 2018ರಲ್ಲಿ ಅಮೆರಿಕದ ಒಂದು ತಂಡ ಇಲಿಗಳಲ್ಲಿ ತೋರಿಸ್ತು, ಒಂದು ನಿರ್ದಿಷ್ಟ ಔಷಧಿ ಜೊತೆ ಕೀಟೋ ಕೊಟ್ರೆ ಆ ಔಷಧಿ ಚೆನ್ನಾಗಿ ಕೆಲಸ ಮಾಡುತ್ತೆ ಅಂತ. ಅದೇ ಅಧ್ಯಯನದಲ್ಲಿ ಔಷಧಿ ಇಲ್ಲದೆ ಬರೀ ಕೀಟೋ ಕೊಟ್ಟಾಗ ಒಂದು ಥರದ ರಕ್ತ ಕ್ಯಾನ್ಸರ್ ಇರೋ ಇಲಿಗಳಲ್ಲಿ ರೋಗ ಇನ್ನೂ ಜೋರಾಯ್ತು. ಹಾಗಾಗಿ ಯಾವ ಕ್ಯಾನ್ಸರ್, ಯಾವ ಔಷಧಿ ಅನ್ನೋದು ತಿಳೀದೆ ಮನೇಲಿ ಕೂತು ಊಟ ಕತ್ತರಿಸೋದು ಅಪಾಯ.

ತೂಕ ಇಳಿದ್ರೆ ಏನಾಗುತ್ತೆ ಗೊತ್ತಾ, ಕೀಮೋ ತಡ್ಕೊಳ್ಳೋ ಶಕ್ತಿ ಹೋಗುತ್ತೆ, ಡೋಸ್ ಕಡಿಮೆ ಮಾಡ್ಬೇಕಾಗುತ್ತೆ, ಮುಂದಿನ ಕೀಮೋ ತಡ ಆಗುತ್ತೆ. ಹಾಗಾಗಿ ಇವತ್ತಿಂದ ಅನ್ನ ಶುರು ಮಾಡಿ, ಹಾಲು ಕಾಯ್ಸಿ ಕೊಡಿ, ಜೋಳದ ರೊಟ್ಟಿ ಗಟ್ಟಿ ಅನ್ಸಿದ್ರೆ ಬಿಸಿ ಸಾರಲ್ಲಿ ಮುರಿದು ನೆನೆಸಿ ಕೊಡಿ, ಶೇಂಗಾ ಚಟ್ನಿ, ಹೆಸರು ಕಾಳು ಪಲ್ಯ, ಮೊಟ್ಟೆ ತಿನ್ನೋರಾದ್ರೆ ದಿನಾ ಎರಡು ಪೂರ್ತಿ ಬೆಂದ ಮೊಟ್ಟೆ. ಒಂದು ಚಮಚ ಸಕ್ಕರೆ ಹಾಕಿದ ಚಹಾದಿಂದ ಕ್ಯಾನ್ಸರ್ ಬೆಳೆಯಲ್ಲ, ಶುಗರ್ ಕಾಯಿಲೆ ಇದ್ರೆ ಮಾತ್ರ ಅದರ ಲೆಕ್ಕ ಬೇರೆ. ಬಾಯಿ ರುಚಿ ಕೆಟ್ಟಿರುತ್ತೆ, ಮೂರು ಹೊತ್ತು ಗಂಗಾಳ ತುಂಬ ಬಡಿಸಿದ್ರೆ ನೋಡೇ ವಾಕರಿಕೆ ಬರುತ್ತೆ, ಎರಡು ಗಂಟೆಗೊಮ್ಮೆ ಒಂದು ಬಟ್ಟಲು ಕೊಡಿ. ಶೇಂಗಾ, ಮೆಕ್ಕೆಜೋಳ ಬೂಸ್ಟು ಹಿಡಿದಿದ್ರೆ ತೊಳೆದು ಬಳಸ್ಬೇಡಿ, ಬಿಸಾಕಿ, ಅದರಲ್ಲಿ ಬರೋ ಅಫ್ಲಾಟಾಕ್ಸಿನ್ ಲಿವರ್ ಕ್ಯಾನ್ಸರ್ ತರುತ್ತೆ ಅಂತ ಖಚಿತವಾಗಿ ಗೊತ್ತಿದೆ. ಕಾಯಿಸದ ಹಾಲು, ಬೀದಿ ಬದಿ ಕತ್ತರಿಸಿಟ್ಟ ಹಣ್ಣು, ಹಸಿ ಮೊಳಕೆ ಕಾಳು ಕೀಮೋ ಮುಗಿಯೋವರ್ಗೂ ಬೇಡ.

ಕಷಾಯ ನಿಲ್ಲಿಸಿ. ಲಕ್ಷ್ಮಣ ಫಲದ ಎಲೆ ಸಾರ ಲ್ಯಾಬ್ ಗಾಜಿನ ತಟ್ಟೇಲಿ ಕ್ಯಾನ್ಸರ್ ಕಣ ಕೊಂದಿದ್ದು ನಿಜ, ಆದ್ರೆ ಗಾಜಿನ ತಟ್ಟೇಲಿ ಬ್ಲೀಚಿಂಗ್ ಪೌಡರ್ ನೀರು ಹಾಕಿದ್ರೂ ಆ ಕಣ ಸಾಯುತ್ತೆ. ಮನುಷ್ಯರಲ್ಲಿ ಅದು ಕ್ಯಾನ್ಸರ್ ವಾಸಿ ಮಾಡುತ್ತೆ ಅಂತ ತೋರಿಸಿದ ಪರೀಕ್ಷೆ ಇಲ್ಲ. ಅದರಲ್ಲಿ ಅನೋನಾಸಿನ್ ಅನ್ನೋ ನರಗಳಿಗೆ ವಿಷ ಆಗೋ ಅಂಶ ಇದೆ, ಆ ಹಣ್ಣು, ಎಲೆ ಚಹಾ ಬಹಳ ಬಳಸೋ ಕೆರಿಬಿಯನ್‌ನ ಗ್ವಾಡಲೂಪ್ ದ್ವೀಪದಲ್ಲಿ ಪಾರ್ಕಿನ್ಸನ್ (ಕೈ ನಡುಗಿ ಮೈ ಬಿಗಿಯೋ ನರರೋಗ) ಥರದ ಕಾಯಿಲೆ ಜಾಸ್ತಿ ಕಂಡು ಡಾಕ್ಟರ್‌ಗಳು ಇದರ ಮೇಲೆ ಅನುಮಾನ ಪಟ್ಟಿದಾರೆ. ಹೋದ ವರ್ಷ ಒಬ್ಬ ತಾಯಿ ನನ್ನ ಮೇಜಿನ ಮೇಲೆ ಒಂದು ಸ್ಟೀಲ್ ಡಬ್ಬಿ ಇಟ್ರು, ಮುಚ್ಚಳ ತೆಗೆದ್ರೆ ಹಸಿರು ಪುಡಿ, ಏನೇನು ಎಲೆ ಅಂತ ಅವ್ರಿಗೂ ಗೊತ್ತಿಲ್ಲ, ಮಗ ದಿನಾ ಬೆಳಗ್ಗೆ ಐದಕ್ಕೆದ್ದು ಕುದಿಸಿ ಕೊಡ್ತಿದ್ದ. ಲಿವರ್ ರಿಪೋರ್ಟ್ ಏರಿತ್ತು, ಕೀಮೋ ಮೂರು ವಾರ ನಿಲ್ಲಿಸ್ಬೇಕಾಯ್ತು, ಪುಡಿ ಬಿಟ್ಟ ಮೇಲೆ ಇಳೀತು. ಆ ಹುಡುಗನ ಮುಖ ನಂಗಿನ್ನೂ ನೆನಪಿದೆ, ಪ್ರೀತಿಯಿಂದಲೇ ಮಾಡಿದ್ದ, ಅವನನ್ನ ಬೈಯ್ಯೋಕೆ ನಂಗೆ ಮನಸಾಗ್ಲಿಲ್ಲ. ಸಾರಿಗೆ ಹಾಕೋ ಅರಿಶಿನಕ್ಕೆ ತೊಂದ್ರೆ ಇಲ್ಲ, ಅರಿಶಿನದ ಕ್ಯಾಪ್ಸೂಲ್ ಬೇಡ. ಮಾತ್ರೆ ರೂಪಕ್ಕೆ ಬಂದ ತಕ್ಷಣ ಒಳ್ಳೇದು ಕೂಡ ಕೆಡುಕಾಗಬಹುದು ಅನ್ನೋದಕ್ಕೆ ದೊಡ್ಡ ಪಾಠ ಫಿನ್‌ಲ್ಯಾಂಡಿಂದ ಬಂತು, ಗಜ್ಜರಿಯಲ್ಲಿರೋ ಬೀಟಾ ಕೆರೋಟಿನನ್ನ ಮಾತ್ರೆ ಮಾಡಿ ಕೊಟ್ರೆ ಶ್ವಾಸಕೋಶದ ಕ್ಯಾನ್ಸರ್ ತಪ್ಪುತ್ತೆ ಅಂತ 29,133 ಸಿಗರೇಟ್ ಸೇದೋ ಗಂಡಸರ ಮೇಲೆ ಪರೀಕ್ಷೆ ಮಾಡಿದ್ರು, 1994ರಲ್ಲಿ ಫಲಿತಾಂಶ ನೋಡಿದ್ರೆ ಮಾತ್ರೆ ತಗೊಂಡೋರಲ್ಲೇ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿ.

ಹಾಗಂತ ಊಟ ನಡಿಗೆಗೆ ಬೆಲೆ ಇಲ್ಲ ಅಂತ ಅಲ್ಲ, ಬಹಳ ಇದೆ. 2021ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಇಮ್ಯುನೋಥೆರಪಿ, ಅಂದ್ರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸೋ ಚಿಕಿತ್ಸೆ, ತಗೊಳ್ತಿದ್ದ ಮೆಲನೋಮಾ ರೋಗಿಗಳಲ್ಲಿ ದಿನಕ್ಕೆ 20 ಗ್ರಾಂಗಿಂತ ಹೆಚ್ಚು ನಾರಿನಂಶ ತಿಂತಿದ್ದೋರಿಗೆ ರೋಗ ಮುಂದುವರಿಯೋದು ತಡ ಆಯ್ತು, ನಮ್ಮ ರಾಗಿಯಲ್ಲಿ 100 ಗ್ರಾಂಗೆ ಸುಮಾರು 11 ಗ್ರಾಂ ನಾರಿದೆ. ಮತ್ತೆ ಅತಿ ಗಟ್ಟಿ ಸಾಕ್ಷಿ ಸಿಕ್ಕಿರೋದು 2025ರಲ್ಲಿ, ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ ಮುಗಿಸಿದ 889 ಜನರಲ್ಲಿ ಅರ್ಧ ಜನಕ್ಕೆ ಮೂರು ವರ್ಷ ತರಬೇತುದಾರರನ್ನ ಇಟ್ಟು ವ್ಯಾಯಾಮ ಮಾಡ್ಸಿದ್ರು, ಹೆಚ್ಚಿನವ್ರು ಮಾಡಿದ್ದು ಚುರುಕು ನಡಿಗೇನೇ. ಎಂಟು ವರ್ಷಕ್ಕೆ ವ್ಯಾಯಾಮದ ಗುಂಪಲ್ಲಿ ಶೇ. 90 ಜನ ಬದುಕಿದ್ರು, ಇನ್ನೊಂದರಲ್ಲಿ ಶೇ. 83. ಗಮನಿಸಿ, ಇವ್ರೆಲ್ಲ ಕೀಮೋ ಮುಗಿಸಿದವ್ರು, ಬಿಟ್ಟವ್ರಲ್ಲ. ಅವ್ವನ ಕ್ಯಾನ್ಸರ್ ಬೇರೆ ಆದ್ರೂ ಸಂಜೆ ಹೊತ್ತು ಓಣಿಯಲ್ಲಿ ನಿಮ್ಮ ಕೈ ಹಿಡ್ಕೊಂಡು ಹತ್ತು ನಿಮಿಷ ನಡೀಲಿ, ಆಗುವಷ್ಟು ದಿನ ಹೆಚ್ಚಿಸ್ತಾ ಹೋಗಿ.

ಅಪ್ಪನ ವಿಷಯ ನೀವು ಒಂದೇ ಸಾಲಲ್ಲಿ ಬರೆದಿದೀರಿ, ನಂಗದು ದೊಡ್ಡದು. ಮನೆಯವ್ರೆಲ್ಲ ಸಕ್ಕರೆಗೆ ಹೆದರ್ತಿದಾರೆ, ಆದ್ರೆ ಆ ಮನೇಲಿ ಬಾಯಿಗೆ ಹೋಗೋದ್ರಲ್ಲಿ ಕ್ಯಾನ್ಸರ್ ತರೋದು ಖಚಿತ ಅಂತ ಸಾಬೀತಾಗಿರೋದು ಅಪ್ಪನ ಜೇಬಲ್ಲಿರೋ ಪೊಟ್ಟಣ. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ಬ್ಯಾನ್ ಆಯ್ತು, ಈಗ ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಒಂದು ಪಾಕೀಟು ಕೊಂಡು ಅಂಗೈಲಿ ಕಲಸ್ಕೋತಾರೆ. ತಂಬಾಕು ಇಲ್ಲದ ಬರೀ ಅಡಿಕೆ ಕೂಡ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ, ಅಡಿಕೆ ಬೆಳೆಯೋ ನಾಡಲ್ಲಿ ಇದನ್ನ ಹೇಳೋದು ಕಷ್ಟ, ಆದ್ರೂ ಹೇಳ್ಲೇಬೇಕು. ಇವತ್ತೇ ಅಪ್ಪನಿಗೆ ಬಾಯಿ ತೆರೀರಿ ಅನ್ನಿ, ಅವರದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಹಲ್ಲಿನ ಮಧ್ಯೆ ತೂರುತ್ತಾ ನೋಡಿ, ತೂರದಿದ್ರೆ, ಇಲ್ಲಾ ಬಿಳಿ ಕೆಂಪು ಮಚ್ಚೆ, ಎರಡು ವಾರದಿಂದ ಮಾಯದ ಹುಣ್ಣು ಇದ್ರೆ ಡೆಂಟಲ್ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಬಾಯಿ, ಗಂಟಲು ಕ್ಯಾನ್ಸರ್ ಮುಂದುವರಿದವ್ರಿಗೂ ನಮ್ಮ ದೇಶದಿಂದಲೇ ಒಂದು ಆಶಾದಾಯಕ ಸಂಶೋಧನೆ ಬಂದಿದೆ, ಮುಂಬೈನ ಟಾಟಾ ಮೆಮೋರಿಯಲ್‌ನವ್ರು ನಿವೊಲುಮ್ಯಾಬ್ ಅನ್ನೋ ದುಬಾರಿ ಇಮ್ಯುನೋಥೆರಪಿಯನ್ನ ಮಾಮೂಲಿ ಡೋಸಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ, ಮೂರು ವಾರಕ್ಕೆ 20 ಮಿಲಿಗ್ರಾಂ, ಕಡಿಮೆ ಖರ್ಚಿನ ಮಾತ್ರೆಗಳ ಜೊತೆ ಕೊಟ್ಟು ನೋಡಿದ್ರು. ಒಂದು ವರ್ಷಕ್ಕೆ ಬದುಕಿದ್ದವ್ರು ಶೇ. 43, ಬರೀ ಮಾತ್ರೆ ತಗೊಂಡವ್ರಲ್ಲಿ ಶೇ. 16. ವಿದೇಶದ ವೈರಸ್ ಕಥೆಗಿಂತ ಈ ಸುದ್ದಿ ನಮ್ಮ ಜನರ ಫೋನಲ್ಲಿ ಓಡಾಡ್ಬೇಕಿತ್ತು.

ನಿಮ್ಮ ಮಗಳಿಗೆ 12. ವೈರಸ್ಸಿಗೂ ಕ್ಯಾನ್ಸರ್‌ಗೂ ಇರೋ ನಂಟಿನ ಬಗ್ಗೆ ದೊಡ್ಡಮ್ಮನಿಗಿರೋ ಭಯ ಕೆಲಸಕ್ಕೆ ಬರೋದು ಇಲ್ಲಿ. ಎಚ್‌ಪಿವಿ ಲಸಿಕೆ ಹಾಕಿಸಿ, 9ರಿಂದ 14 ವರ್ಷದೊಳಗೆ ಹಾಕಿಸೋದು ಅತಿ ಒಳ್ಳೇದು, ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್ 2023ರಿಂದ ಸಿಗ್ತಿದೆ. ಸ್ಕಾಟ್‌ಲ್ಯಾಂಡಲ್ಲಿ 12-13ನೇ ವಯಸ್ಸಲ್ಲಿ ಈ ಲಸಿಕೆ ಪೂರ್ತಿ ತಗೊಂಡ ಹೆಣ್ಮಕ್ಕಳನ್ನ ಗಮನಿಸ್ತಾ ಬಂದು 2024ರಲ್ಲಿ ವರದಿ ಕೊಟ್ರು, ಒಬ್ಬರಿಗೂ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬಂದಿಲ್ಲ. ನಮ್ಮ ದೇಶದಲ್ಲಿ ವರ್ಷಕ್ಕೆ 70 ಸಾವಿರಕ್ಕೂ ಹೆಚ್ಚು ಹೆಣ್ಮಕ್ಕಳು ಸಾಯ್ತಿರೋ ಕಾಯಿಲೆ ಅದು. ನಿಮಗೆ 30 ದಾಟಿದ್ರೆ ನೀವೂ ಎಚ್‌ಪಿವಿ ಪರೀಕ್ಷೆ ಮಾಡಿಸ್ಕೊಳ್ಳಿ, ನಮ್ಮ ಬೀದರ್-ಕಲಬುರಗಿ ಪಕ್ಕದ ಉಸ್ಮಾನಾಬಾದ್ (ಈಗಿನ ಹೆಸರು ಧಾರಾಶಿವ) ಜಿಲ್ಲೆಯಲ್ಲಿ 1.3 ಲಕ್ಷ ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಜೀವಮಾನದಲ್ಲಿ ಒಂದೇ ಒಂದು ಸಲ ಈ ಪರೀಕ್ಷೆ ಮಾಡಿದ್ದಕ್ಕೇ ಆ ಕ್ಯಾನ್ಸರ್‌ನ ಸಾವು ಹತ್ತಿರ ಹತ್ತಿರ ಅರ್ಧಕ್ಕೆ ಇಳೀತು. ಎದೆ ಕ್ಯಾನ್ಸರ್‌ಗೂ ಈ ಲಸಿಕೆಗೂ ಸಂಬಂಧ ಇಲ್ಲ, ಆದ್ರೆ ಅವ್ವನಿಗೆ ಬಂದಿರೋದ್ರಿಂದ ನಿಮ್ಮ ಎದೆ ಪರೀಕ್ಷೆ ಯಾವಾಗಿಂದ ಶುರು ಮಾಡ್ಬೇಕು ಅಂತ ಅದೇ ಡಾಕ್ಟರನ್ನ ಕೇಳಿ, ಅವ್ವನ ಅಕ್ಕ ತಂಗಿಯರಲ್ಲೋ ಅಜ್ಜಿಗೋ ಎದೆ ಇಲ್ಲಾ ಅಂಡಾಶಯದ ಕ್ಯಾನ್ಸರ್ ಇತ್ತಾ ಅಂತ ಮೊದಲೇ ಮನೇಲಿ ವಿಚಾರಿಸ್ಕೊಂಡು ಹೋಗಿ.

ನಾಲ್ಕನೇ ಕೀಮೋಗೆ ಹೋಗುವಾಗ ಅವ್ವನ ಬಯಾಪ್ಸಿ ಫೈಲ್ ತಗೊಂಡು ಹೋಗಿ, ಅದರಲ್ಲಿ ಐಎಚ್‌ಸಿ ಅಂತ ಒಂದು ರಿಪೋರ್ಟ್ ಇರುತ್ತೆ, ಆ ಗಡ್ಡೆಗೆ ಯಾವ ಔಷಧಿ ಹೊಂದುತ್ತೆ ಅಂತ ಹೇಳೋ ಇಆರ್, ಪಿಆರ್, ಹರ್2 ಅಂತ ಮೂರು ಸಾಲು. ಹರ್2 ಮುಂದೆ 3 ಪ್ಲಸ್ ಅಂತಿದ್ರೆ ಟ್ರಾಸ್ಟುಜುಮ್ಯಾಬ್ ಯಾವಾಗ ಶುರು ಅಂತ ಕೇಳಿ, 2 ಪ್ಲಸ್ ಅಂತಿದ್ರೆ ಫಿಶ್ ಅನ್ನೋ ಇನ್ನೊಂದು ಪರೀಕ್ಷೆ ಆಗಿದ್ಯಾ ಅಂತ ಕೇಳಿ. ಕಷಾಯ ಕೊಟ್ಟಿದ್ದನ್ನ ಮುಚ್ಚಿಡ್ಬೇಡಿ, ಬೈದ್ರೂ ಪರವಾಗಿಲ್ಲ ಹೇಳಿ, ಲಿವರ್ ಟೆಸ್ಟ್ ಒಂದು ಸಲ ನೋಡಿ ಅಂತ ಕೇಳ್ಕೊಳ್ಳಿ. ಪ್ರತಿ ಸೋಮವಾರ ಬೆಳಗ್ಗೆ ಒಂದೇ ತಕ್ಕಡೀಲಿ ತೂಕ ನೋಡಿ ಕ್ಯಾಲೆಂಡರ್ ಮೇಲೆ ಬರೀರಿ. ಮನೇಲಿ ಥರ್ಮಾಮೀಟರ್ ಇಲ್ದಿದ್ರೆ ಇವತ್ತೇ ತನ್ನಿ, ಜ್ವರ 100.4 ದಾಟಿದ್ರೆ ರಾತ್ರಿ ಎರಡಾಗಿರ್ಲಿ ಮೂರಾಗಿರ್ಲಿ ಡೋಲೋ ಕೊಟ್ಟು ಬೆಳಗ್ಗೆ ನೋಡೋಣ ಅನ್ಬೇಡಿ, ಗಾಡಿ ಮಾಡ್ಕೊಂಡು ಆಸ್ಪತ್ರೆಗೆ ಹೊರಡಿ.